ಒಂಟಿ ಕಾಲಾಳಿನ ಮುಂದಿನ ಮನೆ

ಚೂಟಿ ಫೋಟೋವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇದ್ದ ಹಾಗೇ ಬಗ್ಗಿ ನೋಡಿದಳು. ನೋಡುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು.

"ಏನಮ್ಮಾ?" ಎಂದರು ಗೂಬೆ ಸಾಹೇಬರು.

"ಏನಿಲ್ಲ ಸಾರ್."

ಇನ್ಸ್‌ಪೆಕ್ಟರಿಗೆ ಆ ಹೆಸರು ಬಂದದ್ದು ಕಣ್ಣಿನಿಂದ. ರೆಪ್ಪೆ ಮಿಟುಕಿಸದೆ ಎದುರಿನವರನ್ನು ನೋಡುತ್ತಾ ಕೂತರೆಂದರೆ ಪಳಗಿದ ಕಳ್ಳರೂ ಬಾಯಿಬಿಡುತ್ತಿದ್ದರು. ಹೆಸರಿಟ್ಟವರು ಅವರ ಕೈಕೆಳಗಿನವರೇ. ಸಾಹೇಬರಿಗೆ ಗೊತ್ತಿಲ್ಲ ಎಂದು ಇಡೀ ಠಾಣೆ ನಂಬಿತ್ತು, ಗೊತ್ತಿದೆ ಎಂದು ಸಾಹೇಬರೂ ತೋರಿಸಿಕೊಂಡಿರಲಿಲ್ಲ. ಆದರೆ ಈ ಹುಡುಗಿಯ ಮುಂದೆ ಆ ಕಣ್ಣಿನ ಬೇಳೆ ಬೇಯಲಿಲ್ಲ. ಗಂಟೆಗಟ್ಟಲೆ ಚೆಸ್ ಬೋರ್ಡನ್ನೇ ದಿಟ್ಟಿಸಿ ಬೆಳೆದವಳು, ಅವಳೂ ಮಿಟುಕಿಸುತ್ತಿರಲಿಲ್ಲ.

ಫೋಟೋದಲ್ಲಿ ಇದ್ದದ್ದು ಚೆಸ್ ಮೇಷ್ಟ್ರು ಸತ್ತ ಕೋಣೆಯ ಬೋರ್ಡು. ಕ್ಲಬ್ಬು ಅವರದೇ, ರಾತ್ರಿ ಮಲಗುತ್ತಿದ್ದದ್ದೂ ಅಲ್ಲೇ. ಸಂಜೆ ಹೊತ್ತಿನಲ್ಲಿ ಯಾರೋ ಅವರನ್ನು ದಿಂಬು ಒತ್ತಿ ಉಸಿರುಗಟ್ಟಿಸಿ ಕೊಂದು, ಕುರ್ಚಿಯಲ್ಲಿ ಮೊದಲಿನ ಹಾಗೇ ಕೂರಿಸಿ ಹೋಗಿದ್ದರು. ಮರುದಿನ ಕಸ ಗುಡಿಸಲು ಬಂದಾಕೆ 'ಮೇಷ್ಟ್ರು ಯೋಚನೆಯಲ್ಲಿದ್ದಾರೆ' ಎಂದುಕೊಂಡು ಕೋಣೆಯೆಲ್ಲ ಗುಡಿಸಿ, ಕೊನೆಗೆ "ಕಾಲು ಸ್ವಲ್ಪ ಎತ್ತಿ ಸಾರ್" ಎಂದಾಗಲೇ ವಿಷಯ ಗೊತ್ತಾಗಿದ್ದು. ಎದುರಿಗೆ ಅರ್ಧ ಆಡಿಬಿಟ್ಟ ಆಟವೊಂದು ಹಾಗೇ ನಿಂತಿತ್ತು. ಬಿಳಿ ಕಾಯಿಗಳ ನಡುವೆ, ಎಡಬಲದಲ್ಲಿ ಜೊತೆಯಿಲ್ಲದ ಒಂದು ಒಂಟಿ ಕಾಲಾಳು.

ಆ ಕಾಲಾಳೇ ಚೂಟಿಯ ಕುತ್ತಿಗೆಗೆ ಬಂದಿತ್ತು. ಊರಿನ ಕ್ಲಬ್ಬಿನಲ್ಲಿ ಬೇಕೆಂತಲೇ ಒಂಟಿ ಕಾಲಾಳು ಇಟ್ಟುಕೊಂಡು ಆಡುವವಳು ಅವಳೊಬ್ಬಳೇ. ಮಿಕ್ಕವರು ಹೆದರಿ ದೂರ ಇರುತ್ತಿದ್ದರು. ಸಾಲದ್ದಕ್ಕೆ ಬೇರೆ ಊರಿನ ಕ್ಲಬ್ಬಿಗೆ ಹೋಗುತ್ತೇನೆ ಎಂದು ಹಿಂದಿನ ದಿನ ಅವಳು ಮೇಷ್ಟ್ರ ಜೊತೆ ದನಿ ಎತ್ತಿ ಜಗಳವಾಡಿದ್ದನ್ನು ಬೀದಿಯೇ ಕೇಳಿತ್ತು.

"ನಾನು ಆವತ್ತು ಕ್ಲಬ್ಬಿಗೆ ಹೋಗಿಲ್ಲ ಸಾರ್. ಕೆರೆ ಏರಿ ಮೇಲೆ ನಡ್ಕೊಂಡು ಹೋಗ್ತಿದ್ದೆ. ಯಾರೂ ನೋಡಿಲ್ಲ ಅಂದ್ರೆ ನಾನೇನ್ ಮಾಡ್ಲಿ?" ಎಂದು ಇಷ್ಟು ದಿನವೂ ಹಟ ಹಿಡಿದು ಒಂದೇ ಮಾತು ಹೇಳಿದ್ದವಳು, ಈಗ ಫೋಟೋ ನೋಡಿ ತೆಪ್ಪಗಾದಳು. ಅವಳ ಕಣ್ಣು ಬೋರ್ಡಿನ ಮೇಲೂ ಇರಲಿಲ್ಲ. ಬೋರ್ಡಿನಾಚೆ, ಮೇಜಿನ ಅಂಚಿನಲ್ಲೆಲ್ಲೋ ಇತ್ತು.

"ಸಾರ್, ಇದನ್ನ ಅಕ್ಕ ನೋಡಿದಾಳಾ?"

"ಇಲ್ಲ. ಯಾಕೆ?"

"ತೋರಿಸ್ಬೇಡಿ."

ಅಕ್ಕ ಎಂದರೆ ಮೇಷ್ಟ್ರ ಮಗಳು. ಹೆತ್ತವರನ್ನು ಕಳೆದುಕೊಂಡು ಬಂದ ಚೂಟಿಗೆ ತಲೆ ಬಾಚಿ, ಜ್ವರ ಬಂದರೆ ಪಕ್ಕದಲ್ಲಿ ಕೂತು, ತಾಯಿಯ ಹಾಗೆ ಸಾಕಿದವರು. ಅಪ್ಪನನ್ನು ಕಳೆದುಕೊಂಡವರಿಗೆ ಸಾವಿನ ಫೋಟೋ ತೋರಿಸಬಾರದು ಎನ್ನುತ್ತಿದ್ದಾಳೆ ಎಂದುಕೊಂಡ ಸಾಹೇಬರು ಅಲ್ಲಿಗೇ ಬಿಟ್ಟರು. ಅಲ್ಲಿ ಬಿಟ್ಟದ್ದೇ ತಪ್ಪು.

ಅಷ್ಟರಲ್ಲಿ ದೊಡ್ಡ ಸಾಹೇಬರು ಬಾಗಿಲಲ್ಲಿ ಹೊಟ್ಟೆ ತೋರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

"ಇನ್ನೂ ಮಾತಾಡ್ಸೋದೇ ಆಯ್ತಲ್ಲ ನಿಮ್ದು. ಆಟ ಅವಳದು, ಬೆರಳಚ್ಚು ಅವಳದು, ಜಗಳನೂ ಅವಳದೇ. ಇನ್ನೇನು ಮೇಷ್ಟ್ರೇ ಎದ್ದು ಬಂದು ಸಾಕ್ಷಿ ಹೇಳ್ಬೇಕಾ? ಸಾಯಂಕಾಲದೊಳಗೆ ಬೇರೆ ಹೆಸರು ತಂದ್ರೆ ಸರಿ. ಇಲ್ದಿದ್ರೆ ಇವಳನ್ನ ಒಳಗೆ ಹಾಕಿ."

ಗೂಬೆ ಸಾಹೇಬರು ಚೂಟಿಯನ್ನು ಅಕ್ಕನ ಮನೆಗೆ ಕಳಿಸಿಕೊಟ್ಟು, ಫೋಟೋ ಜೇಬಿಗೆ ಹಾಕಿಕೊಂಡು ಕ್ಲಬ್ಬಿನ ಕಡೆ ಹೊರಟರು.

*

ಕ್ಲಬ್ಬಿನ ದೊಡ್ಡ ಹಾಲಿನಲ್ಲಿ ಇಬ್ಬರು ಪಿಂಚಣಿದಾರರು ಆಡುತ್ತಿದ್ದರು. ಕೊಲೆಯಾದ ಮನೆ ಎಂದು ಮಿಕ್ಕವರೆಲ್ಲ ಕಾಲಿಡುವುದನ್ನೇ ಬಿಟ್ಟರೂ ಇವರು ಬಿಟ್ಟಿರಲಿಲ್ಲ. ಮನೆಯಲ್ಲಿ ಸೊಸೆಯರಿಗಿಂತ ಇಲ್ಲಿ ಭೂತವೇ ವಾಸಿ ಎಂದು ಅವರ ಲೆಕ್ಕ.

"ಏಯ್, ನನ್ನ ಆನೆ ಇಲ್ಲಿ ಕೊಡೋ."

"ಯಾಕ್ ಕೊಡ್ಲಿ? ಹೊಡೆದಿದ್ದು ನಾನು. ನನ್ನ ಕಡೇನೇ ಇರುತ್ತೆ."

"ನೋಡ್ತೀನಿ ಕೊಡೋ ಅಂದ್ರೆ."

"ಸತ್ತೋರ ಮುಖ ನೋಡಿ ಏನ್ ಮಾಡ್ತೀಯ? ಇದ್ದೋರನ್ನ ಉಳಿಸ್ಕೋ ಹೋಗು."

ಗೂಬೆ ಸಾಹೇಬರು ನಿಂತಲ್ಲೇ ನಿಂತರು. ಬಿಳಿ ಕಾಯಿಯಲ್ಲಿ ಆಡುತ್ತಿದ್ದ ಮುದುಕನ ಮೊಣಕೈ ಹತ್ತಿರ ಸತ್ತ ಕರಿ ಕಾಯಿಗಳ ರಾಶಿ. ಕರಿಯವನ ಹತ್ತಿರ ಬಿಳಿಯವು. ಯಾರು ಹೊಡೆದರೋ ಅವರ ಕಡೆ. ಚೆಸ್ ಎಂದರೆ ಕಣ್ಣುಕಟ್ಟಿ ಕಾಡಿಗೆ ಬಿಟ್ಟಂತಾಗುತ್ತಿದ್ದ ಅವರಿಗೂ ಇದು ಅರ್ಥವಾಗುವ ಮಾತು.

ಕಿಟಕಿಯ ಬಳಿ ಹೋಗಿ ಫೋಟೋ ತೆಗೆದರು. ಮೇಷ್ಟ್ರು ಕೂತಿದ್ದದ್ದು ಕರಿ ಕಾಯಿಯ ಕಡೆ. ಅವರು ಹೊಡೆದ ಬಿಳಿ ಕಾಯಿಗಳು ಅವರ ಕೈಹತ್ತಿರ ಇರಬೇಕಿತ್ತು. ಇರಲಿಲ್ಲ. ಅಲ್ಲಿ ಇದ್ದದ್ದು ಕರಿಯ ಕಾಯಿಗಳು, ಶಾಲೆಯ ಮಕ್ಕಳು ಸಾಲು ನಿಂತ ಹಾಗೆ ಒಪ್ಪವಾಗಿ. ಆ ಕಡೆ ಅಂಚಿನಲ್ಲಿ ಬಿಳಿಯವು, ಅವೂ ಹಾಗೇ.

ಇದು ಆಡಿದ ಆಟವಲ್ಲ. ಯಾರೋ ಡಬ್ಬಿಯಿಂದ ಬೇಕಾದಷ್ಟು ಕಾಯಿ ತೆಗೆದು ಬೋರ್ಡಿನ ಮೇಲೆ ಜೋಡಿಸಿ, ಬೇಡದ್ದನ್ನು ಅದರದರ ಬಣ್ಣದ ಕಡೆ ಇಟ್ಟಿದ್ದಾರೆ.

ಹಾಗೆ ಜೋಡಿಸುವ ಕಸುಬು ಯಾರದು? ಪಾಠ ಹೇಳುವವರದು. ಮೇಷ್ಟ್ರು ಬಿಟ್ಟರೆ ಈ ಕ್ಲಬ್ಬಿನಲ್ಲಿ ಪಾಠ ಹೇಳುವವನು ಒಬ್ಬನೇ, ಅವರ ಅಳಿಯ. ಅಳಿಯ ಅಲ್ಲ, ಮಗಳ ಗಂಡ ಎಂದು ಪಿಂಚಣಿದಾರರು ಹಿಂದಿನಿಂದ ಆಡಿಕೊಳ್ಳುತ್ತಿದ್ದ ಅದೇ ಮಹಾಶಯ. ತನ್ನ ನಂತರ ಕ್ಲಬ್ಬು ನಡೆಸುವವಳು ಚೂಟಿ ಎಂದು ಮೇಷ್ಟ್ರು ನಾಲ್ಕು ಜನರೆದುರು ಹೇಳಿದಾಗ ನಗುತ್ತಲೇ ಚಪ್ಪಾಳೆ ತಟ್ಟಿದವನು. ಆ ಸಂಜೆ ಊರಾಚೆ ಒಬ್ಬ ಶಿಷ್ಯನ ಮನೆಯಲ್ಲಿದ್ದೆ ಎಂದಿದ್ದ. ಶಿಷ್ಯನ ಮನೆಯವರು "ಬಂದಿದ್ರು, ಯಾವಾಗ ಎದ್ದು ಹೋದ್ರೋ ಗಮನಿಸ್ಲಿಲ್ಲ" ಎಂದಿದ್ದರು.

ಫೋಟೋ ಮತ್ತೆ ಜೇಬು ಸೇರಿತು.

*

ಅಳಿಯ ಪಾಠದ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಕಣ್ಣಿನ ಕೆಳಗೆ ಕಪ್ಪು. ಗಡ್ಡ ಬೋಳಿಸಿರಲಿಲ್ಲ.

"ಬನ್ನಿ ಸಾರ್. ಏನಾದ್ರೂ ಗೊತ್ತಾಯ್ತಾ?"

"ಗೊತ್ತಾಗ್ಲಿ ಅಂತಲೇ ಬಂದೆ. ಒಂದು ಪಾಠ ಹೇಳಿಕೊಡ್ತೀರಾ? ಎಲ್ಲರೂ ಒಂಟಿ ಕಾಲಾಳು, ಒಂಟಿ ಕಾಲಾಳು ಅಂತಾರೆ. ನಂಗೆ ಒಂದಕ್ಷರ ತಲೆಗೆ ಹೋಗಲ್ಲ."

ಮಾಸ್ತರಿಕೆ ಮಾಡುವವರ ಹಣೆಬರಹವೇ ಅಷ್ಟು. ನೆತ್ತಿಯ ಮೇಲೆ ಕತ್ತಿ ತೂಗುತ್ತಿದ್ದರೂ 'ಗೊತ್ತಿಲ್ಲ, ಹೇಳಿಕೊಡಿ' ಎಂದವರನ್ನು ಕಂಡರೆ ಮೈಮರೆತುಬಿಡುತ್ತಾರೆ. ಅಳಿಯ ಡಬ್ಬಿಯ ಕಾಯಿಗಳನ್ನೆಲ್ಲ ಬೋರ್ಡಿನ ಮೇಲೆ ಸುರಿದು, ಬೇಕಾದ್ದನ್ನು ಚಕಚಕನೆ ನಿಲ್ಲಿಸಿದ.

"ಇದು ರಾಣಿ ಮುಂದೆ ನಿಂತಿರೋ ಕಾಲಾಳು. ನೋಡಿ, ಇದರ ಎಡಗಡೆ ಸಾಲಲ್ಲಿ ನಮ್ಮ ಕಾಲಾಳು ಇಲ್ಲ, ಬಲಗಡೆ ಸಾಲಲ್ಲೂ ಇಲ್ಲ. ಅಕ್ಕಪಕ್ಕ ಇದ್ದಿದ್ರೆ ಒಂದನ್ನೊಂದು ಕಾಯ್ತಿದ್ವು. ಇದಕ್ಕೆ ಆ ಭಾಗ್ಯ ಇಲ್ಲ. ಕಾಯ್ಬೇಕು ಅಂದ್ರೆ ಆನೆ, ಒಂಟೆ, ರಾಣಿ, ಇಂಥ ದೊಡ್ಡೋರೇ ಕೆಲಸ ಬಿಟ್ಟು ಬರ್ಬೇಕು."

"ಹಂಗಾದ್ರೆ ಇದನ್ನ ಇಟ್ಕೊಂಡೋರು ದಡ್ಡರು."

"ಅಯ್ಯೋ, ಅಲ್ಲ ಸಾರ್! ಅಕ್ಕಪಕ್ಕ ಖಾಲಿ ಇದೆಯಲ್ಲ, ಅದೇ ದಾರಿ. ಅಲ್ಲಿಂದ ನಮ್ಮ ಕಾಯಿಗಳೆಲ್ಲ ನುಗ್ಗುತ್ವೆ. ಬೋರ್ಡ್ ತುಂಬಿರೋವರೆಗೂ ಒಂಟಿ ಕಾಲಾಳು ಇಟ್ಕೊಂಡೋರದೇ ಜೋರು. ಹೊತ್ತು ನೋಡಿ ಇದನ್ನ ಒಂದು ಮನೆ ಮುಂದೆ ತಳ್ಳಿದ್ರೆ ಸಾಕು, ಎದುರಾಳಿ ಕೋಟೆಯೇ ಒಡೆದುಹೋಗುತ್ತೆ. ಇದು ಸತ್ರೂ ಪರವಾಗಿಲ್ಲ, ದಾರಿ ಬಿಟ್ಟು ಸಾಯುತ್ತೆ. ಚೂಟಿ ಆಡೋದೇ ಹಾಗೆ."

ಅವಳ ಹೆಸರು ಹೇಳುವಾಗ ಅವನ ದನಿಯಲ್ಲಿ ಮೆಚ್ಚುಗೆಯೂ ಇತ್ತು, ಉರಿಯೂ ಇತ್ತು.

"ಸರಿ. ಎದುರಾಳಿ ಏನ್ ಮಾಡ್ಬೇಕು?"

"ಆತುರ ಪಡಬಾರದು. ಎಲ್ಲರೂ ಮಾಡೋ ತಪ್ಪು ಅಂದ್ರೆ ಕಂಡ ತಕ್ಷಣ ಹೊಡಿಯೋಕೆ ಹೋಗ್ತಾರೆ. ಮೊದಲು ಇದರ ಮುಂದಿನ ಮನೇಲಿ ನಮ್ಮ ಕುದುರೆ ತಂದು ಕೂರಿಸ್ಬೇಕು. ಇಲ್ಲಿ." ಕರಿ ಕುದುರೆಯನ್ನು ಕಾಲಾಳಿನ ಮೂಗಿನ ನೇರಕ್ಕೆ ಕೂರಿಸಿದ. "ಆ ಕುದುರೇನ ಓಡ್ಸೋಕೆ ಪಕ್ಕದಲ್ಲಿ ಕಾಲಾಳೇ ಇಲ್ವಲ್ಲ! ಕಾಲಾಳು ನಿಂತಲ್ಲೇ ನಿಂತುಬಿಡುತ್ತೆ. ಆಮೇಲೆ ಒಂದೊಂದೇ ಕಾಯಿ ಅದಲುಬದಲು. ರಾಣಿಗೆ ರಾಣಿ, ಆನೆಗೆ ಆನೆ. ಬೋರ್ಡ್ ಖಾಲಿ ಆಗ್ತಾ ಆಗ್ತಾ ಅದನ್ನ ಕಾಯೋರು ಯಾರೂ ಉಳಿಯಲ್ಲ. ಆಗ ನಿಧಾನಕ್ಕೆ ಹೋಗಿ ತಗೊಳ್ಳೋದು."

ಗೂಬೆ ಸಾಹೇಬರು ಆ ಕುದುರೆಯನ್ನೇ ನೋಡಿದರು. ದಿಕ್ಕಿಲ್ಲದವರ ಮೇಲೆ ಕೇಸು ಬಿಗಿಯುವುದನ್ನು ಅವರು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದರು. ಮೊದಲು ದಾರಿಗೆ ಅಡ್ಡ ನಿಲ್ಲುವುದು, ಆಮೇಲೆ ಪರವಾಗಿ ಮಾತಾಡುವವರನ್ನು ಒಬ್ಬೊಬ್ಬರಾಗಿ ದೂರ ಮಾಡುವುದು. ಆ ಹುಡುಗಿಗೂ ಈಗ ಅದೇ ಆಗುತ್ತಿತ್ತು, ಮಾಡುತ್ತಿದ್ದವರಲ್ಲಿ ತಾವೂ ಒಬ್ಬರು.

"ಹಂಗಾದ್ರೆ ಒಂಟಿ ಕಾಲಾಳು ಇಟ್ಕೊಂಡೋರು ಈ ಅದಲುಬದಲಿಗೆ ಒಪ್ಪಬಾರದು?"

"ಜಪ್ಪಯ್ಯ ಅಂದ್ರೂ ಒಪ್ಪಬಾರದು."

"ಚೂಟಿ ಒಪ್ತಾಳಾ?"

"ಅವಳಾ? ಕೈ ಕತ್ತರಿಸ್ಕೊಂಡಾಳು."

ಸಾಹೇಬರು ಫೋಟೋ ತೆಗೆದು ಬೋರ್ಡಿನ ಮೇಲಿಟ್ಟರು. "ಹಂಗಾದ್ರೆ ಇದೇನು? ಬಿಳಿ ಕಡೆ ರಾಣಿ ಇಲ್ಲ, ಆನೆ ಇಲ್ಲ. ಒಂದು ಒಂಟೆ, ನಾಲ್ಕಾರು ಕಾಲಾಳು. ಕರಿ ಕುದುರೆ ನೀವೀಗ ಕೂರಿಸಿದ ಮನೇಲೇ ಕೂತಿದೆ."

ಅಳಿಯ ಬಗ್ಗಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕುತ್ತಿಗೆಯನ್ನೇ ಮುಟ್ಟಿ ನೋಡಿಕೊಂಡ.

"ಮಾತಾಡಿ. ಯಾರ ಆಟ ಇದು?"

"ನಂಗೆ... ನಂಗೆ ಗೊತ್ತಿಲ್ಲ."

"ಆಟವೇ ಅಲ್ಲ ಇದು. ಹೊಡೆದ ಕಾಯಿ ಹೊಡೆದವನ ಕಡೆ ಇಲ್ಲ. ಪಾಠಕ್ಕೆ ಜೋಡಿಸಿದ ಹಾಗೆ ಜೋಡಿಸಿದಾರೆ. ಪಾಠ ಹೇಳೋರು ಇಲ್ಲಿ ಎಷ್ಟು ಜನ ಇದೀರಿ?"

"ಸಾರ್, ನಾನು ಆವತ್ತು ಈ ಕಡೆ ತಲೆ ಹಾಕಿಲ್ಲ! ಶಿಷ್ಯನ ಮನೆಯಿಂದ ನೇರ ಮನೆಗೇ ಹೋದೆ."

"ಪಾಠ ಯಾರದು?"

"ನಂದೇ!" ಅಳಿಯ ಕೂಗಿಬಿಟ್ಟ. "ನಂದೇ ಪಾಠ. ಮಾರನೇ ದಿನ ಹೇಳ್ಬೇಕಾಗಿದ್ದು. ಆದ್ರೆ ನಾನು ಇಟ್ಟಿಲ್ಲ. ನಮ್ಮಪ್ಪನಾಣೆ, ನಾನು ಇಟ್ಟಿಲ್ಲ."

ಗಾಬರಿಯಲ್ಲಿ ಅವನು ಕೈಯಾರೆ ಬೋರ್ಡಿನ ಮೇಲಿದ್ದ ಕಾಯಿಗಳನ್ನೆಲ್ಲ ಬಾಚಿ ಡಬ್ಬಿಗೆ ತಳ್ಳಿದ. ಬಿಳಿ, ಕರಿ, ರಾಜ, ಕಾಲಾಳು ಎಲ್ಲ ಒಟ್ಟಿಗೆ, ಕಸದ ಹಾಗೆ. ಒಂದು ಒಂಟೆ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಗೂಬೆ ಸಾಹೇಬರು ಮೊದಲ ಸಲ ಕಣ್ಣು ಮಿಟುಕಿಸಿದರು. ಪಾಠ ಶುರುವಾದಾಗಲೂ ಇವನು ಹೀಗೇ ಸುರಿದಿದ್ದ. ಬೇಡದ ಕಾಯಿಗಳು ಬೋರ್ಡಿನ ಸುತ್ತ ದಿಕ್ಕಾಪಾಲಾಗಿ ಬಿದ್ದಿದ್ದವು. ಫೋಟೋದಲ್ಲಿನ ಆ ಒಪ್ಪವಾದ ಸಾಲು ಈ ಕೈಯದಲ್ಲ.

"ನೀವು ಯಾವಾಗ್ಲೂ ಹಿಂಗೇನಾ?"

"ಹೆಂಗೆ?"

"ಕಾಯಿ ಎಸೆಯೋದು."

"ಮತ್ತೆ ಇನ್ನೇನು, ಪೂಜೆ ಮಾಡ್ಲಾ?"

"ಮಾರನೇ ದಿನದ ಬೋರ್ಡು ಯಾರು ಇಡ್ತಾರೆ?"

ಅಳಿಯ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ನಿಮ್ಮ ಮನೆಯವರಾ?"

"ಬೆಳಿಗ್ಗೆ ಯಾವ ಪಾಠ ಅಂತ ನಾನು ಹೇಳಿರ್ತೀನಿ. ಸಾಯಂಕಾಲ ಬಂದು ಅವಳು ಮಾವನ ಮೇಜಿನ ಮೇಲೆ ಇಟ್ಟು ಹೋಗ್ತಾಳೆ. ಚಿಕ್ಕ ಹುಡುಗಿ ಆಗಿದ್ದಾಗಿಂದ ಅವಳದೇ ಕೆಲಸ. ಒಂದು ಸಲ ಕೇಳಿದ್ರೆ ಮರಿಯಲ್ಲ. ಬೇಡದ ಬಿಳಿ ಕಾಯಿ ಬಿಳಿ ಕಡೆ, ಕರಿ ಕಾಯಿ ಕರಿ ಕಡೆ, ಸಾಲಾಗಿ. ಮಾವ ಹಾಗೆ ಕಲಿಸಿದ್ರು. ಒಂದು ಕಾಯಿ ಸೊಟ್ಟ ಇದ್ರೆ ಇಡೀ ಬೋರ್ಡ್ ಕೆಡವಿ ಮತ್ತೆ ಇಡಿಸ್ತಿದ್ರಂತೆ."

"ಆಡೋಕೆ ಬರಲ್ಲ ಅಂದ್ರು ನಂಗೆ."

"ಬರಲ್ಲ ಸಾರ್. ಮಾವ ಊರಿಗೆಲ್ಲ ಕಲಿಸಿದ್ರು, ಅವಳಿಗೆ ಕಲಿಸ್ಲಿಲ್ಲ. ಕೇಳಿದ್ಳಂತೆ ಒಂದ್ಸಲ. 'ನೀನು ಇಡು ಸಾಕು, ಆಡೋರು ಬೇರೆ ಇದಾರೆ' ಅಂದ್ರಂತೆ. ಆಮೇಲೆ ಚೂಟಿ ಬಂದ್ಳು. ಬೋರ್ಡ್ ಇಡೋಳು ಇವಳು, ಎದುರು ಕೂತು ಆಡೋಳು ಅವಳು."

ದೀಪದ ಕೆಳಗೇ ಕತ್ತಲು ಎಂದು ಎಲ್ಲರೂ ಹೇಳುತ್ತಾರೆ. ಆ ಕತ್ತಲಲ್ಲಿ ಇಷ್ಟು ವರ್ಷ ಒಬ್ಬಳು ಕೂತಿದ್ದಳು ಎಂದು ಯಾರೂ ನೋಡಿರಲಿಲ್ಲ. ಜನ್ಮದಲ್ಲಿ ಒಂದೂ ಕಾಯಿ ಹೊಡೆಯದವಳಿಗೆ ಹೊಡೆದ ಕಾಯಿ ಯಾರ ಕಡೆ ಇರುತ್ತದೆ ಎಂದು ಹೇಗೆ ತಿಳಿಯಬೇಕು? ಕೊಲೆಗೆ ಆಟದ ವೇಷ ಹಾಕಲು ಹೋಗಿ, ಆಕೆ ಕೈಗೆ ರೂಢಿಯಾದದ್ದನ್ನೇ ಮಾಡಿದ್ದಾರೆ.

ಅದನ್ನು ಚೂಟಿ ಬೆಳಿಗ್ಗೆ ಒಂದೇ ನೋಟದಲ್ಲಿ ಕಂಡಿದ್ದಳು. ಆ ಸಾಲುಗಳನ್ನು ದಿನವೂ ನೋಡಿದವಳು. ತೋರಿಸ್ಬೇಡಿ ಎಂದದ್ದು ಅದಕ್ಕೆ.

ಸಾಹೇಬರು ದಡಕ್ಕನೆ ಎದ್ದರು. ಅವಳನ್ನು ಅದೇ ಅಕ್ಕನ ಮನೆಗೆ ಕಳಿಸಿದ್ದು ತಾವೇ.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು.

*

ದೊಡ್ಡ ಸಾಹೇಬರು ಮದುವೆ ಮನೆಗೆ ಬಂದವರ ಹಾಗೆ ನಗುತ್ತಾ ಒಳಗೆ ಬಂದರು. ಹಿಂದೆ ಇಬ್ಬರು ಪೊಲೀಸರ ನಡುವೆ ಚೂಟಿ. ಅವಳ ಹಿಂದೆ, ಚೂಟಿಯ ಸ್ವೆಟರ್ ಕೈಯಲ್ಲಿ ಹಿಡಿದು, ಏನು ನಡೆಯುತ್ತಿದೆ ಎಂದು ತಿಳಿಯದ ಮುಖದಲ್ಲಿ ಅಕ್ಕ.

"ನೋಡಿದ್ರಾ? ತಾನಾಗೇ ಠಾಣೆಗೆ ಬಂದ್ಲು. ಒಪ್ಕೊಂಡ್ಲು. ನೀವಿಲ್ಲಿ ಚೆಸ್ ಕಲೀತಾ ಕೂತಿದೀರಿ."

"ಒಪ್ಕೊಂಡ್ಲಾ?"

"ಹೂಂ ಸಾರ್," ಎಂದಳು ಚೂಟಿ. ನೆಲ ನೋಡುತ್ತಿದ್ದಳು. "ನಾನೇ ಮಾಡಿದ್ದು."

"ನನಗೆ ಒಂದು ಮಾತೂ ಹೇಳ್ಲಿಲ್ಲ ಸಾರ್," ಎಂದರು ಅಕ್ಕ. ಅತ್ತು ಅತ್ತು ದನಿ ಒಡೆದಿತ್ತು. "ಊಟಕ್ಕೆ ಕೂತೋಳು ಎದ್ದು, ಅಕ್ಕ ನಾನು ಠಾಣೆಗೆ ಹೋಗ್ಬೇಕು ಅಂದ್ಳು. ಇವಳು ಇರುವೆ ಕೂಡ ತುಳಿಯಲ್ಲ ಸಾರ್. ನೀವಾದ್ರೂ ಕೇಳಿ."

ಗೂಬೆ ಸಾಹೇಬರು ಆ ಮುಖವನ್ನು ದಿಟ್ಟಿಸಿದರು. ನಾಟಕವೋ ನಿಜವೋ ಅವರ ಪ್ರಸಿದ್ಧ ಕಣ್ಣಿಗೂ ಹತ್ತಲಿಲ್ಲ.

ಮಹಜರಿಗೆ ಮೇಷ್ಟ್ರ ಕೋಣೆಯ ಬೀಗಮುದ್ರೆ ಒಡೆದರು. ಅದೇ ಮೇಜು, ಅದೇ ಕುರ್ಚಿ. ಕ್ಲಬ್ಬಿನ ಇನ್ನೊಂದು ಬೋರ್ಡು ತಂದಿಟ್ಟರು. ಕೊಂದ ಮೇಲೆ ಏನು ಮಾಡಿದೆ, ತೋರಿಸು ಎಂದರು ದೊಡ್ಡ ಸಾಹೇಬರು.

ಚೂಟಿ ಕಾಯಿಗಳನ್ನು ಜೋಡಿಸತೊಡಗಿದಳು. ಉಳಿದ ಬಿಳಿ ಕಾಯಿಗಳನ್ನು ಬಿಳಿಯ ಕಡೆ ಸಾಲಾಗಿ ನಿಲ್ಲಿಸಿದಳು. ಕರಿಯವನ್ನು ಕರಿಯ ಕಡೆ. ಒಂದೊಂದನ್ನೂ ಬೆರಳಿನಿಂದ ನೇರ ಮಾಡಿದಳು, ಅಕ್ಕ ಮಾಡುವ ಹಾಗೆಯೇ.

ಗೂಬೆ ಸಾಹೇಬರು ಮೇಜಿನ ಹತ್ತಿರ ಸರಿದರು. ತಮ್ಮ ಹತ್ತಿರ ಇದ್ದದ್ದು ಅದೊಂದೇ ಸಾಕ್ಷಿ. ಅದನ್ನು ಈ ಹುಡುಗಿ ತಮ್ಮ ಕಣ್ಣೆದುರಿಗೇ ತನ್ನದು ಮಾಡಿಕೊಳ್ಳುತ್ತಿದ್ದಳು.

"ಹೊಡೆದ ಕಾಯಿ ಹಾಗಾ ಇಡ್ತೀಯ ನೀನು?" ಎಂದರು ಮೆಲ್ಲಗೆ.

"ಹೂಂ ಸಾರ್. ಹಾಗೇ." ಅವಳು ಅವರನ್ನು ನೋಡಿದಳು. ಬಿಟ್ಟುಬಿಡಿ ಎಂದು ಕೈಮುಗಿದು ಬೇಡಿದಂತಿತ್ತು ಆ ನೋಟ.

ಕೊನೆಗೆ ಕರಿ ಕುದುರೆ ಉಳಿಯಿತು. ಅದನ್ನು ಇಡುವಾಗ ಅವಳು ಅಕ್ಕನ ಕಡೆ ನೋಡಿದಳು. ಕುದುರೆ ಒಂಟಿ ಕಾಲಾಳಿನ ಮುಂದಿನ ಮನೆಗೆ ಹೋಗಲಿಲ್ಲ, ಪಕ್ಕದ ಮನೆಯಲ್ಲಿ ಕೂತಿತು. ಕಾಲಾಳಿನ ದಾರಿ ತೆರೆದೇ ಉಳಿಯಿತು.

"ಆಯ್ತಾ?" ಎಂದರು ದೊಡ್ಡ ಸಾಹೇಬರು.

"ಆಯ್ತು."

"ಅದು ಅಲ್ಲಲ್ಲ."

ಎಲ್ಲರೂ ತಿರುಗಿದರು. ಅಕ್ಕ ಸ್ವೆಟರನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. ಅಡುಗೆ ಮನೆಯಲ್ಲಿ ಯಾರೋ ತಪ್ಪಿ ಇಟ್ಟ ಡಬ್ಬಿಯನ್ನು ಅದರ ಜಾಗಕ್ಕೆ ಸರಿಸುವ ಹಾಗೆ ಕುದುರೆಯನ್ನು ಎತ್ತಿ ಕಾಲಾಳಿನ ಮುಂದಿನ ಮನೆಯಲ್ಲಿ ಕೂರಿಸಿದರು.

"ಇಲ್ಲಿ," ಎಂದರು.

ದೊಡ್ಡ ಸಾಹೇಬರು ನಕ್ಕರು. "ನಿಮಗೂ ಆಟ ಬರುತ್ತೇನಮ್ಮಾ?"

"ಇಲ್ಲ ಸಾರ್. ನಂಗೆ ಯಾರೂ ಕಲಿಸ್ಲಿಲ್ಲ. ಇಡೋದಷ್ಟೇ ಗೊತ್ತು."

"ಸರಿ ಸರಿ. ಮಹಜರು ಮುಗೀತು. ರೀ ಇನ್ಸ್‌ಪೆಕ್ಟರೇ, ಸಹಿ ಹಾಕಿ."

ಪೆನ್ನು ಮುಂದೆ ಬಂತು. ಗೂಬೆ ಸಾಹೇಬರು ಅದನ್ನು ತೆಗೆದುಕೊಳ್ಳಲಿಲ್ಲ. ಬಾಯಿ ತೆರೆದರೆ ಒಬ್ಬಳು ಹೋಗುತ್ತಾಳೆ, ತೆರೆಯದಿದ್ದರೆ ಇನ್ನೊಬ್ಬಳು. ಆದರೂ ತೆರೆದರು.

"ತಾಯೀ, ಈ ಬೋರ್ಡಿನ ಫೋಟೋ ನಾನು ನಿಮಗೆ ತೋರಿಸಿಲ್ಲ. ಕುದುರೆ ಅಲ್ಲೇ ಇತ್ತು ಅಂತ ನಿಮಗೆ ಹೇಗೆ ಗೊತ್ತು?"

"ಅಕ್ಕಾ, ಮಾತಾಡ್ಬೇಡ!" ಪೊಲೀಸರೆದುರು ಒಮ್ಮೆಯೂ ದನಿ ಎತ್ತದ ಚೂಟಿ ಚೀರಿದಳು. "ಸಾರ್, ಅವಳನ್ನ ಬಿಟ್ಬಿಡಿ! ನಾನು ಒಪ್ಕೊಂಡಿದೀನಲ್ಲ! ನಂಗೆ ಅವಳು ಬಿಟ್ರೆ ಯಾರಿದಾರೆ ಸಾರ್?"

ಅಕ್ಕ ಅವಳನ್ನೇ ನೋಡಿದರು. ಆಮೇಲೆ ಬೋರ್ಡು ನೋಡಿದರು, ಅಂಚಿನ ಸಾಲುಗಳನ್ನು ನೋಡಿದರು.

"ಇದಾ ಸಾರ್ ಸಿಕ್ಕಿದ್ದು? ಆಟ ಅಂದ್ರಲ್ಲ ಎಲ್ಲರೂ? ನಾನು ಹೋದ್ಮೇಲೆ ಯಾರೋ ಬಂದು ಆಡಿ, ಆಮೇಲೆ ಅಪ್ಪನ್ನ... ಹಾಗೆ ಅಂದ್ಕೊಂಡಿದ್ದೆ. ಇದು ಆಟ ಅಲ್ಲ ಸಾರ್. ಇದು ನಾನಿಟ್ಟ ಬೋರ್ಡು."

"ನೀವು ಇಡುವಾಗ ಮೇಷ್ಟ್ರು ಎಲ್ಲಿದ್ರು?"

"ಇಲ್ಲೇ. ಈ ಕುರ್ಚೀಲಿ. ತಲೆ ತಗ್ಗಿಸಿ ಕೂತಿದ್ರು. ನಾನು ಇಟ್ಟು ಮುಗಿಸಿ, ಅಪ್ಪ ಹೋಗಿ ಬರ್ತೀನಿ ಅಂದೆ. ಮಾತಾಡ್ಲಿಲ್ಲ."

"ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಏನನ್ನಿಸ್ಬೇಕು ಸಾರ್?" ಅಕ್ಕ ಖಾಲಿ ಕುರ್ಚಿಯನ್ನು ನೋಡಿದರು. "ಅವರು ನನ್ನ ಜೊತೆ ಯಾವತ್ತೂ ಮಾತಾಡ್ತಿರ್ಲಿಲ್ಲ."

ಚೂಟಿ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಸತ್ತ ಅಪ್ಪನೆದುರು ಕಾಯಿ ಜೋಡಿಸಿ, ಸತ್ತ ಅಪ್ಪನಿಗೆ ಹೇಳಿ ಹೋಗಿದ್ದರು ಈಕೆ. ನಿಜವಾದರೆ ಇದಕ್ಕಿಂತ ಘೋರ ಇನ್ನೊಂದಿಲ್ಲ, ಸುಳ್ಳಾದರೆ ಇಂಥ ಸುಳ್ಳು ಹುಟ್ಟಿಸುವವರು ಯಾರೂ ಇಲ್ಲ ಎನ್ನಿಸಿತು ಗೂಬೆ ಸಾಹೇಬರಿಗೆ.

"ಇದನ್ನ ಮೊದಲೇ ಯಾಕಮ್ಮಾ ಹೇಳ್ಲಿಲ್ಲ?" ದೊಡ್ಡ ಸಾಹೇಬರು ಗದರಿದರು.

"ಯಾರೂ ಕೇಳ್ಲಿಲ್ಲ ಸಾರ್."

ನಿಜ. ಆಡೋಕೆ ಬರುತ್ತಾ ಎಂದು ಕೇಳಿ, ಇಲ್ಲ ಎಂದ ಕೂಡಲೇ ಗೂಬೆ ಸಾಹೇಬರು ಎದ್ದು ಬಂದಿದ್ದರು. ಈಗ ಅವರಿಗೆ ನಾಚಿಕೆಯಾಯಿತು.

"ಈಗ ಕೇಳ್ತಿದೀನಿ ತಾಯಿ. ಆ ಹೊತ್ತಲ್ಲಿ ಕ್ಲಬ್ಬಲ್ಲಿ ಬೇರೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಇವರೊಬ್ರೇ." ಅಕ್ಕ ಬಾಗಿಲ ಕಡೆ ತಿರುಗಿದರು. ಅಲ್ಲಿ ಅಳಿಯ ಚೌಕಟ್ಟು ಹಿಡಿದು ನಿಂತಿದ್ದ. "ಬೋರ್ಡು, ಡಬ್ಬಿ ಎಲ್ಲ ತುಂಬಿಡೋ ಒಳಕೋಣೇಲಿ ಲೈಟ್ ಹತ್ತಿತ್ತಲ್ಲ ರೀ. ಬೇಗ ಬನ್ನಿ, ಊಟ ಆರಿಹೋಗುತ್ತೆ ಅಂತ ನಾನು ಇಲ್ಲಿಂದ್ಲೇ ಕೂಗಿದೆ. ಒಳಗಿಂದ ಹೂಂ ಅಂದ್ರಲ್ಲ. ನೀವೇ ತಾನೆ?"

ಆವತ್ತು ಈ ಕಡೆ ತಲೆ ಹಾಕಿಲ್ಲ ಎಂದಿದ್ದ ಅಳಿಯ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.